ಅಂಚೆಯಲ್ಲಿ ಬಂದ ಗುಟ್ಟಿನ ಮದ್ದು

ರೋಗಿಗೆ ಬೇಕಾದುದು ಎರಡು: ಔಷಧಿ ಮತ್ತು ಭರವಸೆ. ಔಷಧಿಯು ದೊರೆಯದ ಕಡೆ ಬರಿಯ ಭರವಸೆಯೇ ಬೆಲೆಗೆ ಮಾರಾಟವಾಗುತ್ತದೆ. ವಿಕ್ಟೋರಿಯಾ ರಾಣಿಯು ಆಳಿದ 1837ರಿಂದ 1901ರವರೆಗಿನ ಕಾಲದಲ್ಲಿ ಈ ವ್ಯಾಪಾರವು ಇಂಗ್ಲೆಂಡು, ಅಮೆರಿಕಗಳಲ್ಲಿ ದೊಡ್ಡ ಉದ್ಯಮವಾಗಿ ಬೆಳೆದು, ಅಂಚೆಯ ಚೀಲವನ್ನೇರಿ ನಮ್ಮ ದೇಶಕ್ಕೂ ಬಂದಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಭಕ್ತ ಕುಟುಂಬಗಳು ಈ ಚರಿತ್ರೆಯನ್ನು ತಿಳಿದಿರುವುದು ಇಂದಿಗೂ ಹಿತಕರವೆಂದು ನಮ್ಮ ಭಾವನೆ.

ಆ ಕಾಲದ ಇಂತಹ ಮದ್ದುಗಳಿಗೆ 'ಪೇಟೆಂಟ್ ಔಷಧಿ'ಗಳೆಂದು ಹೆಸರು. ಈ ಹೆಸರೇ ಒಂದು ಭ್ರಮೆ. ಪೇಟೆಂಟನ್ನು ಪಡೆಯಬೇಕಾದರೆ ಪದಾರ್ಥವನ್ನು ಹೇಗೆ ತಯಾರಿಸಿದೆವೆಂಬುದನ್ನು ಬಹಿರಂಗಪಡಿಸಬೇಕು. ಈ ವ್ಯಾಪಾರಿಗಳಿಗೆ ಅದು ಬೇಕಿರಲಿಲ್ಲ. ಆದುದರಿಂದ ಇವುಗಳಲ್ಲಿ ಬಹುಪಾಲು ಮದ್ದುಗಳಿಗೆ ಪೇಟೆಂಟೇ ಇರಲಿಲ್ಲ. ಇದ್ದುದು ಹೆಸರು, ಚಿತ್ರ, ಮುದ್ರೆಗಳ ಮೇಲಿನ ಹಕ್ಕು ಮಾತ್ರ. ಇಂಗ್ಲೆಂಡಿನ ಸರ್ಕಾರವು 1783ರಿಂದ ಇಂತಹ ಔಷಧಿಗಳ ಮೇಲೆ ತೆರಿಗೆ ವಿಧಿಸಿ, ಪ್ರತಿ ಡಬ್ಬಿಗೂ ಒಂದು ಮುದ್ರೆಯ ಚೀಟಿಯನ್ನು ಅಂಟಿಸುವಂತೆ ಮಾಡಿತು. ಅದು ಕೇವಲ ತೆರಿಗೆ ಸಂದಾಯವಾದ ಗುರುತು. ಜನರಾದರೋ ಸರ್ಕಾರವೇ ಔಷಧಿಯನ್ನು ಪರೀಕ್ಷಿಸಿ ಒಪ್ಪಿದೆಯೆಂದು ನಂಬಿದರು. ವ್ಯಾಪಾರಿಗಳು ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ಹೋಗಲಿಲ್ಲ. ಈ ತೆರಿಗೆಯು 1941ರವರೆಗೂ ಉಳಿದಿತ್ತು.

ಗುಟ್ಟಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದ ಥಾಮಸ್ ಬೀಚಮ್ ಎಂಬಾತನು ಇಂಗ್ಲೆಂಡಿನಲ್ಲಿ ಗುಳಿಗೆಗಳನ್ನು ಮಾರತೊಡಗಿ ಶ್ರೀಮಂತನಾದನು. ಅವನ ಡಬ್ಬಿಯೊಂದಕ್ಕೆ ತೆರಿಗೆಯೂ ಸೇರಿ ಒಂದು ಶಿಲಿಂಗ್ ಒಂದೂವರೆ ಪೆನ್ಸ್. ಒಂದು ಗಿನಿಗೆ, ಅಂದರೆ 21 ಶಿಲಿಂಗಿಗೆ, ಬಾಳುವ ಡಬ್ಬಿಯೆಂದು ಜಾಹೀರಾತು ಸಾರುತ್ತಿತ್ತು. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘವು ಗುಟ್ಟಿನ ಔಷಧಿಗಳನ್ನು ರಸಾಯನಶಾಸ್ತ್ರಜ್ಞರಿಂದ ಪರೀಕ್ಷಿಸಿ ಒಂದು ಗ್ರಂಥವನ್ನು ಹೊರತಂದಿತು. ಬೀಚಮ್ಮನ ಗುಳಿಗೆಯಲ್ಲಿ ಕಂಡುಬಂದುದು ಲೋಳೆಸರದಿಂದ ತೆಗೆದ ಮುಸಂಬರ, ಶುಂಠಿ ಮತ್ತು ಸಾಬೂನು. 56 ಗುಳಿಗೆಗಳ ಪದಾರ್ಥಕ್ಕೆ ತಗುಲುವ ವೆಚ್ಚ ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೆಯ ಒಂದು ಭಾಗ. ಮಾರಿದ ಬೆಲೆ ಅದರ 100 ಪಟ್ಟಿಗೂ ಮೀರಿದುದು. ನಮ್ಮ ತಾಯಂದಿರು ಬಾಗಿಲಿಗೆ ಕಟ್ಟುವ ಲೋಳೆಸರವೂ ಅಡುಗೆಮನೆಯ ಶುಂಠಿಯೂ ಗುಟ್ಟಿನ ಮುಸುಕು ಹೊದ್ದಾಗ ಇಷ್ಟು ದುಬಾರಿಯಾದವು. ಅದು ಭೇದಿಯ ಗುಳಿಗೆ. ಮಲಬದ್ಧತೆಗೆ ಒಂದಿಷ್ಟು ಫಲ ಕೊಟ್ಟಿರಬಹುದು. ಆದರೆ ಅದನ್ನು ಹತ್ತಾರು ರೋಗಗಳಿಗೆ ಮದ್ದೆಂದು ಮಾರಲಾಯಿತು.

ಇದು ಹಣದ ನಷ್ಟ. ಪ್ರಾಣದ ನಷ್ಟವೂ ಇತ್ತು. ಅಮೆರಿಕದಲ್ಲಿ 1849ರಿಂದ ಮಾರಾಟಕ್ಕೆ ಬಂದ ವಿನ್ಸ್ಲೋ ಸಿರಪ್ ಎಂಬುದು ಹಲ್ಲು ಮೂಡುವ ಶಿಶುಗಳ ಅಳುವನ್ನು ನಿಲ್ಲಿಸುತ್ತಿತ್ತು. ಅದರಲ್ಲಿದ್ದುದು ಅಫೀಮಿನ ಸತ್ತ್ವವಾದ ಮಾರ್ಫಿನ್. ಅಳು ನಿಂತ ಕೂಸುಗಳಲ್ಲಿ ಕೆಲವು ಮತ್ತೆ ಕಣ್ಣು ತೆರೆಯಲಿಲ್ಲ. ತಾಯಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಬಾಟಲಿಯ ಮೇಲೆ ಮಾರ್ಫಿನ್ನಿನ ಹೆಸರಿರಲಿಲ್ಲ. ಅದನ್ನು ಬರೆಯಲೇಬೇಕೆಂದು ಅಮೆರಿಕದ ಕಾನೂನು ಕಡ್ಡಾಯ ಮಾಡಿದುದು 1906ರಲ್ಲಿ. ನಮ್ಮ ದೇಶದಲ್ಲಿಯೂ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ 'ಬಾಲಗೋಳಿ'ಯೆಂಬ ಅಫೀಮಿನ ಗುಳಿಗೆಯನ್ನು ತಿನ್ನಿಸಿ ಮಲಗಿಸುತ್ತಿದ್ದುದು 20ನೆಯ ಶತಮಾನದ ಆರಂಭದ ದಾಖಲೆಗಳಲ್ಲಿದೆ.

ಇನ್ನೊಂದು ಮದ್ದು ಭಾರತದ ನೆಲದಲ್ಲಿಯೇ ಹುಟ್ಟಿದುದು. ಇಲ್ಲಿ ಸೈನ್ಯದ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ಎಂಬಾತನು 1848ರಲ್ಲಿ ಕಾಲರಾ ರೋಗಕ್ಕೆಂದು ಕ್ಲೋರೋಡೈನ್ ಎಂಬ ದ್ರವವನ್ನು ಸಿದ್ಧಪಡಿಸಿದನು. ಅಫೀಮು, ಗಾಂಜಾ, ಕ್ಲೋರೋಫಾರಂಗಳು ಅದರಲ್ಲಿದ್ದವು. ಅದು ನೋವನ್ನು ಮರೆಸುತ್ತಿತ್ತು, ಭೇದಿಯನ್ನು ತಡೆಯುತ್ತಿತ್ತು. ಆದರೆ ಕಾಲರಾ ರೋಗಿಯು ಸಾಯುವುದು ದೇಹದ ನೀರು ಮತ್ತು ಲವಣಗಳು ಬತ್ತಿಹೋಗುವುದರಿಂದ. ಅವನ್ನು ಮರಳಿ ತುಂಬುವ ಶಕ್ತಿ ಆ ಬಾಟಲಿಗೆ ಇರಲಿಲ್ಲ.

ಇಂತಹ ಮದ್ದುಗಳು ನಮ್ಮ ಊರುಗಳಿಗೆ ಬರಲು ದಾರಿ ಮಾಡಿದುದು ಅಂಚೆ. ಭಾರತದಲ್ಲಿ 1877ರಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂದಿತು. 1879ರಲ್ಲಿ ಕಾಲಾಣೆಯ ಕಾರ್ಡು, 1880ರಲ್ಲಿ ಅಂಚೆಯ ಮನಿಯಾರ್ಡರು ಬಂದವು. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಆದ ಅಂಚೆಯಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಆಗ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ಇವೆಲ್ಲವೂ ದಾವಣಗೆರೆ ಜಿಲ್ಲೆಯಲ್ಲಿ ಒಂದಾದುದು 1997ರಲ್ಲಿ. ಆಸ್ಪತ್ರೆಯು ದೂರವಿದ್ದ ಗೃಹಸ್ಥನಿಗೆ ಮುಂಬಯಿ, ಕಲ್ಕತ್ತೆ, ಮದರಾಸುಗಳು ಒಂದು ಕಾರ್ಡಿನಷ್ಟು ಹತ್ತಿರವಾದವು. ಕಾರ್ಡು ಬರೆದು ಹಾಕಿದರೆ ಪೊಟ್ಟಣ ಬರುತ್ತಿತ್ತು; ಪೋಸ್ಟ್‌ಮ್ಯಾನನಿಗೆ ಹಣ ಕೊಟ್ಟ ಮೇಲೆ ಬಿಚ್ಚಬೇಕು. ಬಿಚ್ಚಿ ನೋಡಿ ಹಣ ಕೊಡುವ ಅವಕಾಶವಿರಲಿಲ್ಲ.

ಅಂಚೆಯಲ್ಲಿ ಬಂದುದೆಲ್ಲವೂ ಮೋಸವೆಂದು ನಾವು ಹೇಳುತ್ತಿಲ್ಲ. 1892ರಲ್ಲಿ ಬಂಗಾಳದಲ್ಲಿ ಮಲೇರಿಯಾ ಜ್ವರಕ್ಕೆ ಕ್ವಿನೈನಿನ ಪುಟ್ಟ ಪೊಟ್ಟಣಗಳನ್ನು ಅಂಚೆ ಕಚೇರಿಗಳ ಮೂಲಕವೇ ಒಂದೊಂದು ಪೈಸೆಗೆ ಮಾರಲಾಯಿತು. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನವೂ 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯೂ ಕನ್ನಡಿಗರ ಮನೆಮನೆಯಲ್ಲಿ ನೆಲೆಸಿದವು. ತಲೆನೋವಿಗೆ ಹಚ್ಚುವುದು, ಹಲ್ಲು ಉಜ್ಜುವುದು ಎಂಬಷ್ಟೇ ಅವುಗಳ ಮಾತು. ಸರ್ವರೋಗಕ್ಕೂ ಒಂದೇ ಮದ್ದೆನ್ನುವ ಬಾಟಲಿಯೇ ಸಂಶಯಕ್ಕೆ ಪಾತ್ರವಾಗಬೇಕಾದುದು.

ಅಂಚೆಯ ಮದ್ದಿಗೆ ಇನ್ನೊಂದು ಆಕರ್ಷಣೆಯಿತ್ತು: ಊರಿಗೆ ತಿಳಿಯದಂತೆ ತರಿಸಬಹುದು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ 1970ರ ದಶಕದಲ್ಲಿ, ಅಕ್ಷರ ಬಾರದ ಭಕ್ತರ ಕಾಗದಗಳನ್ನು ಓದಿ ಹೇಳುವುದು ವಿದ್ಯಾರ್ಥಿಗಳಾದ ನಮ್ಮ ಸೇವೆಯಾಗಿತ್ತು. ಜಗಳೂರು ಕಡೆಯ ತಾಯಿಯೊಬ್ಬಳು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಬಾಟಲಿಯನ್ನು ತಂದಳು. ಮಗಳ ಕೈಮೇಲೆ ತೊನ್ನು ಕಾಣಿಸಿಕೊಂಡಿತ್ತು. ಮದುವೆಯ ಮಾತು ನಡೆದಿತ್ತು. ಪತ್ರಿಕೆಯ ಜಾಹೀರಾತನ್ನು ನಂಬಿ ಉತ್ತರದೇಶದಿಂದ ವಿ.ಪಿ.ಪಿ.ಯಲ್ಲಿ ತರಿಸಿದ ಎಣ್ಣೆ ಅದು. ಹಚ್ಚಿದ ಕಡೆ ಚರ್ಮ ಸುಟ್ಟು ಬೊಬ್ಬೆಯೆದ್ದಿತ್ತು. "ಇದ್ರಾಗೆ ಏನೈತಿ, ಒಂದೀಟು ಓದಿ ಹೇಳ್ರಿ ಅಯ್ನೋರೆ" ಎಂದಳು. ತಿರುಗಿಸಿ ತಿರುಗಿಸಿ ನೋಡಿದೆವು. ಚೀಟಿಯ ಮೇಲೆ ದೇವತೆಯ ಚಿತ್ರವಿತ್ತು, ಹೊಗಳಿಕೆಯ ಮಾತುಗಳಿದ್ದವು. ಒಳಗೇನಿದೆಯೆಂಬ ಒಂದಕ್ಷರವೂ ಇರಲಿಲ್ಲ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಆ ಹುಡುಗಿಗೆ ತೊನ್ನಿಗಿಂತ ಹೆಚ್ಚು ನೋವು ಕೊಟ್ಟುದು ಅದನ್ನು ಮುಚ್ಚಿಡಬೇಕೆಂಬ ಭಯ ಮತ್ತು ಆ ಭಯವನ್ನು ಬಲ್ಲ ವ್ಯಾಪಾರಿ.

ಗುಟ್ಟಿನ ದೋಷವನ್ನು ಪರದೇಶದವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 'ಹೇಳಿದರೆ ಮದ್ದು ಫಲಿಸದು' ಎಂಬ ನಂಬಿಕೆ ನಮ್ಮಲ್ಲಿಯೂ ಇದೆ. ಅದೆಷ್ಟೋ ಒಳ್ಳೆಯ ನಾಟಿ ಔಷಧಿಗಳು ಬಲ್ಲವರೊಡನೆಯೇ ಸಮಾಧಿಯಾದವು. ಆದರೆ ನಮ್ಮ ಶಾಸ್ತ್ರಪರಂಪರೆಯ ದಾರಿ ಬೇರೆ. ಕೀರ್ತಿವರ್ಮನು ಗೋವುಗಳ ಚಿಕಿತ್ಸೆಯನ್ನು, 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಚಿಕಿತ್ಸೆಯನ್ನು ಜನರ ಕನ್ನಡದಲ್ಲಿಯೇ ಬರೆದಿಟ್ಟರು. ಶರಣರ ಸಮೂಹದಲ್ಲಿದ್ದ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ವಚನಗಳಿಗೆ ತಂದನು. ಬಲ್ಲುದನ್ನು ಹಂಚುವುದೇ ಇವರ ಧರ್ಮವಾಗಿತ್ತು.

ಭಾರತದಲ್ಲಿ ಕಾನೂನು ತಡವಾಗಿ ಬಂದಿತು. ಕರ್ನಲ್ ಆರ್.ಎನ್. ಚೋಪ್ರಾ ಅವರ ಸಮಿತಿಯು 1930-31ರಲ್ಲಿ ಔಷಧಿಗಳ ಸ್ಥಿತಿಯನ್ನು ಪರಿಶೀಲಿಸಿತು. 1940ರಲ್ಲಿ ಔಷಧಿಗಳ ಕಾಯಿದೆಯಾಯಿತು. 1954ರ ಇನ್ನೊಂದು ಕಾಯಿದೆಯು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತನ್ನೂ ಮಧುಮೇಹ, ಕ್ಯಾನ್ಸರ್, ತೊನ್ನು ಮೊದಲಾದ ರೋಗಗಳನ್ನು ವಾಸಿ ಮಾಡುವೆವೆಂಬ ಜಾಹೀರಾತನ್ನೂ ನಿಷೇಧಿಸಿತು. ಆ ತಾಯಿಯು ನಂಬಿದ ಜಾಹೀರಾತು ಈ ಕಾಯಿದೆ ಬಂದು ಎಷ್ಟೋ ವರ್ಷಗಳ ನಂತರ ಅಚ್ಚಾದುದೆಂಬುದನ್ನು ಗಮನಿಸಬೇಕು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಮನೆಯ ಯಜಮಾನನಲ್ಲಿ, ಯಜಮಾನಿಯಲ್ಲಿ ಎಚ್ಚರವಿರಬೇಕು. ಇಂದು ಕಾರ್ಡಿನ ಬದಲು ಮೊಬೈಲು ಬಂದಿದೆ, ಮದ್ದಿನ ಪೊಟ್ಟಣವನ್ನು ಕೊರಿಯರಿನವನು ತರುತ್ತಾನೆ. ಮಂಡಿನೋವಿಗೆ ಗಿಡಮೂಲಿಕೆಯ ಪುಡಿಯೆಂದು ಮಾರಿದುದರಲ್ಲಿ ಸ್ಟಿರಾಯ್ಡ್ ಬೆರೆತಿದ್ದುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ನೋವು ಮೂರು ದಿನದಲ್ಲಿ ಮಾಯವಾಗುತ್ತದೆ. ತಿಂಗಳುಗಟ್ಟಲೆ ತಿಂದವರ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ.

ಕಾಲರಾ ರೋಗಕ್ಕೆ ಕಡೆಗೆ ದೊರೆತ ಮದ್ದು ಯಾವುದು? 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಸಕ್ಕರೆಯ ಅಂಶ ಮತ್ತು ಉಪ್ಪುಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಸಾಯುತ್ತಿದ್ದವರನ್ನು ಉಳಿಸಿದರು. ಅದನ್ನು ಅವರು ಗುಟ್ಟಾಗಿಡಲಿಲ್ಲ. ಇಂದು ಓ.ಆರ್.ಎಸ್. ಪೊಟ್ಟಣದ ಬೆನ್ನ ಮೇಲೆ ಏನೇನು ಎಷ್ಟೆಷ್ಟಿದೆಯೆಂದು ಅಚ್ಚಾಗಿರುತ್ತದೆ.

ಆದುದರಿಂದ ಭಕ್ತಬಾಂಧವರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ಮನೆಗೆ ಬರುವ ಮದ್ದು ಯಾವ ಪದ್ಧತಿಯದೇ ಆಗಿರಲಿ, ಅದರಲ್ಲಿ ಏನೇನಿದೆ, ಯಾರು ತಯಾರಿಸಿದರು, ಪರವಾನಗಿಯ ಸಂಖ್ಯೆ ಯಾವುದು ಎಂಬುದನ್ನು ಓದಿರಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿರಿ. ಬರೆದಿಲ್ಲದಿದ್ದರೆ ಬಾಯಿಗೆ ಹಾಕಬೇಡಿರಿ, ಮೈಗೆ ಹಚ್ಚಬೇಡಿರಿ. ಮನೆಯಲ್ಲಿ ಯಾರಿಗಾದರೂ ನಾಚಿಕೆ ತರುವ ರೋಗವೆನಿಸಿದರೆ ಅದನ್ನು ಮೊದಲು ಮನೆಯವರೊಡನೆ, ನಂತರ ವೈದ್ಯರೊಡನೆ ಮಾತನಾಡಿರಿ.