ನಿಮಗಿದು ಗೊತ್ತೇ? ಮರಳಿನ ಅಚ್ಚಿಗೂ ಮಳೆಗಾಲದ ಕಾಟವಿದೆ

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಕುಂಬಳಗೋಡು ಕೈಗಾರಿಕಾ ಪ್ರದೇಶ. ಈಗ ಅಲ್ಲಿಯವರೆಗೂ ಮನೆಗಳೇ. ಮನೆ ಪಕ್ಕದಲ್ಲೇ ಎರಕ ಹೊಯ್ಯುವ ಫೌಂಡ್ರಿ ಇದ್ದರೆ, ಅಲ್ಲಿ ಮರಳಿಗೆ ಬೆರೆಸುವ ಅಂಟು ಯಾವುದು ಎಂಬುದು ಅಕ್ಕಪಕ್ಕದವರ ಮೂಗಿಗೂ ಸಂಬಂಧಿಸಿದ ವಿಷಯ.

ಬಹುಪಾಲು ಕಡೆ ಆ ಅಂಟು ರಾಳ. ಕಾದ ಲೋಹ ತಾಗಿದಾಗ ಅದು ಸುಟ್ಟು ಫಿನಾಲ್, ಫಾರ್ಮಾಲ್ಡಿಹೈಡ್, ಬೆಂಜೀನ್ ಆವಿ ಬಿಡಬಲ್ಲದು. ಅದನ್ನು ಮೊದಲು ಉಸಿರಾಡುವವರು ಕೆಲಸಗಾರರು.

ರಾಳದ ಬದಲು ಬಳಸಬಹುದಾದ ಇನ್ನೊಂದು ಅಂಟು ಸೋಡಿಯಂ ಸಿಲಿಕೇಟ್; ಅದರಲ್ಲಿ ಸುಡಲು ಇಂಗಾಲವೇ ಇಲ್ಲ. ನೂರು ಕಿಲೋ ಮರಳಿಗೆ 3ರಿಂದ 5 ಕಿಲೋ ಸಿಲಿಕೇಟ್ ಕಲಸಿ, ಅಚ್ಚಿಗೆ ತುಂಬಿ, ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿ. 1950ರ ದಶಕದಲ್ಲಿ ಜಗತ್ತಿನಾದ್ಯಂತ ಹರಡಿದ ಈ ವಿಧಾನವನ್ನು ಕಾರ್ಖಾನೆಗಳಲ್ಲಿ ಇಂದಿಗೂ 'ಸಿಓಟು' ಎಂದೇ ಕರೆಯುತ್ತಾರೆ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಬಳಸುವುದಿಲ್ಲ? ಮುಖ್ಯ ಅಡ್ಡಿಗಳಲ್ಲಿ ಒಂದು ತೇವ. ಮರಳಿನ ಕಣಗಳನ್ನು ಹಿಡಿದಿಡುವುದು ಸಿಲಿಕಾ ಜೆಲ್. ಅದರ ಜೊತೆಗೇ ಉಳಿಯುವ ಸೋಡಿಯಂ ಗಾಳಿಯಿಂದ ನೀರನ್ನು ಸೆಳೆಯುತ್ತದೆ. ಆ ನೀರು ಸಿಲಿಕಾನ್ ಮತ್ತು ಆಮ್ಲಜನಕದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮೊನ್ನೆ ಕಲ್ಲಿನಂತಿದ್ದ ಕೋರ್ (ಎರಕದೊಳಗೆ ಟೊಳ್ಳು ಮೂಡಿಸಲು ಇಡುವ ಮರಳಿನ ಅಚ್ಚು) ಇವತ್ತು ಮಳೆಗಾಲದ ಹಪ್ಪಳದಂತೆ ಮೆತ್ತಗೆ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ಶೇ. 30ರ ಆಸುಪಾಸಿಗೆ ಇಳಿಯುವ ಸಾಪೇಕ್ಷ ಆರ್ದ್ರತೆ ಆಗಸ್ಟ್ ಬೆಳಿಗ್ಗೆ ಸುಮಾರು ಶೇ. 85 ಇರುತ್ತದೆ. ಫೌಂಡ್ರಿಗಳ ಊರಾದ ಬೆಳಗಾವಿಯ ಮಳೆಗಾಲವಂತೂ ಇದಕ್ಕಿಂತ ಕಠಿಣ.

ಗ್ಯಾಸ್ ಹೆಚ್ಚು ಬಿಟ್ಟರೆ ಇನ್ನೂ ಗಟ್ಟಿಯಾಗುತ್ತದೆಯೇ? ಇಲ್ಲ. ಸೋಡಿಯಂ ಬೈಕಾರ್ಬನೇಟ್ ಉಂಟಾಗಿ ಅಚ್ಚಿನ ಮೇಲೆ ಬಿಳಿ ಪುಡಿ ಕಾಣಿಸುತ್ತದೆ, ಅಂಚು ಉದುರತೊಡಗುತ್ತದೆ.

ತೇವ ಹೀರಿದ ಕೋರಿಗೆ ಲೋಹ ಹೊಯ್ದರೆ ಕಥೆ ಬೇರೆಯೇ. ಒಂದು ಲೀಟರ್ ನೀರು ಕುದಿದು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ; ಹೊರಹೋಗಲು ದಾರಿ ಸಿಗದಿದ್ದರೆ ಎರಕದೊಳಗೇ ಗುಳ್ಳೆ. ಕರಗಿದ ಅಲ್ಯೂಮಿನಿಯಂ ಅಂತೂ ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ಹೈಡ್ರೋಜನ್ನನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ತಣಿದಾಗ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ.

ಪರಿಹಾರಗಳಿವೆ. ಸೋಡಿಯಂ ಪಾಲು ಕಡಿಮೆಯಿರುವ ಸಿಲಿಕೇಟ್ ತೇವವನ್ನು ಹೆಚ್ಚು ತಡೆದುಕೊಳ್ಳುತ್ತದೆ, ಆದರೆ ಕಲಸಿದ ಮರಳು ಬೇಗ ಬಿಗಿಯುತ್ತದೆ. ಸ್ವಲ್ಪ ಲಿಥಿಯಂ ಸಿಲಿಕೇಟ್ ಬೆರೆಸಬಹುದು, ಅತಿ ನುಣುಪಾದ ಮೈಕ್ರೋಸಿಲಿಕಾ ಸೇರಿಸಬಹುದು, ಸುಮಾರು 150ರಿಂದ 200 ಡಿಗ್ರಿ ಬಿಸಿಯಿರುವ ಪೆಟ್ಟಿಗೆಯಲ್ಲಿ ಬಿಸಿಗಾಳಿ ಹಾಯಿಸಿ ಒಣಗಿಸಬಹುದು. ಜರ್ಮನಿಯ ಲಾಂಡ್ಸ್‌ಹುಟ್‌ನಲ್ಲಿರುವ ಬಿಎಂಡಬ್ಲ್ಯು ಫೌಂಡ್ರಿ ಅಲ್ಯೂಮಿನಿಯಂ ಇಂಜಿನ್ ಭಾಗಗಳಿಗೆ ಇಂಥ ನಿರವಯವ ಅಂಟಿನ ಕೋರ್‌ಗಳನ್ನೇ ಬಳಸುತ್ತದೆ. ಸಣ್ಣ ಫೌಂಡ್ರಿಗೆ ಅಷ್ಟು ಬಂಡವಾಳ ಬೇಡ: ಕೋರ್‌ಗಳನ್ನು ಬೆಚ್ಚಗಿನ, ಒಣ ಕೋಣೆಯಲ್ಲಿಡಿ, ಮೈಗೆ ಬಳಿಯುವ ಲೇಪಕ್ಕೆ ನೀರಿನ ಬದಲು ಸ್ಪಿರಿಟ್ ಇರಲಿ, ಮಾಡಿದ ದಿನವೇ ಎರಕ ಹೊಯ್ಯಿರಿ. ಈ ಮೂರನ್ನು ಮಳೆಗಾಲದಲ್ಲಿ ಬಿಡದೆ ಪಾಲಿಸಿದರೆ ಎಷ್ಟೋ ಎರಕ ಗುಜರಿಗೆ ಹೋಗುವುದು ತಪ್ಪುತ್ತದೆ.

ನಿರವಯವ ಅಂಟುಗಳಲ್ಲಿ ಹಳೆಯದು ಜೇಡಿಮಣ್ಣು. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರೆಯುವವರು ಮೇಣದ ಮಾದರಿಗೆ ಮೆತ್ತುವುದು ಅದನ್ನೇ. ಸುಮಾರು 600 ಡಿಗ್ರಿ ದಾಟಿ ಬೆಂದ ಜೇಡಿಮಣ್ಣು ಒಳಗೆ ಬಂಧಿಯಾಗಿದ್ದ ನೀರನ್ನೂ ಕಳೆದುಕೊಂಡಿರುತ್ತದೆ. ಮತ್ತೆ ನೆನೆದರೂ ಕೆಸರಾಗದು.

ಇನ್ನೊಂದು: ತೇವ ನಿರೋಧ ಅತಿಯಾಗಲೂಬಾರದು. ಕೆಲವು ಸಿಲಿಕೇಟ್ ಕೋರ್‌ಗಳನ್ನು ಅಲ್ಯೂಮಿನಿಯಂ ಎರಕ ತಣಿದ ಮೇಲೆ ನೀರು ಹಾಯಿಸಿಯೇ ಹೊರತೆಗೆಯುತ್ತಾರೆ. ಸುತ್ತಿಗೆ ತಾಗಿಸಲಾಗದ ಸಪೂರ ಕೊಳವೆಯಂಥ ಜಾಗಗಳೂ ಅದರಿಂದ ಚೊಕ್ಕಟವಾಗುತ್ತವೆ.