ಗೋಡೆಗೆ ಕಿವಿಯಷ್ಟೇ ಅಲ್ಲ, ಬಾಯಿಯೂ ಉಂಟು!

ಮನೆಗೆ ಬಣ್ಣ ಹೊಡೆಸಿ ಇನ್ನೂ ವಾರ ಕಳೆದಿಲ್ಲ. ಅಷ್ಟರಲ್ಲೇ ಮೂರು ವರ್ಷದ ಪುಟಾಣಿ ಕ್ರೇಯಾನ್ ಹಿಡಿದು ಹಾಲ್‌ನ ಗೋಡೆಯ ತುಂಬ ಅಡ್ಡಾದಿಡ್ಡಿ ಗೀಚಿಬಿಟ್ಟಿದೆ. ಅಮ್ಮನಿಗೆ ಸಿಟ್ಟು, ಬಾಡಿಗೆ ಮನೆಯಾದರೆ ಅಪ್ಪನಿಗೆ ಮಾಲೀಕರು ಏನೆನ್ನುವರೋ ಎಂಬ ಅಳುಕು. ಮಗುವಿಗೆ ಮಾತ್ರ ಅದಾವುದರ ಪರಿವೆಯೂ ಇಲ್ಲ. ತಾನು ಮಾಡಿದ ಗುರುತನ್ನು ತಾನೇ ನೋಡಿ ಕೇಕೆ ಹಾಕುತ್ತಿದೆ!

ಇದೇ ಮಗು ಬೆಳೆದು ಶಾಲೆಗೆ ಹೋದಾಗ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೊರೆಯುತ್ತದೆ. ಪ್ರವಾಸಕ್ಕೆ ಹೋದಲ್ಲಿ ಕೋಟೆಯ ಕಲ್ಲಿನ ಮೇಲೂ ಬರೆಯಲು ಕೈ ಚಾಚುತ್ತದೆ. ಬೈಸಿಕೊಳ್ಳುತ್ತದೆ. ಬೈಯುವುದು ಸರಿಯೇ. ಆದರೆ ಗೋಡೆ ಕಂಡೊಡನೆ ಏನಾದರೂ ಗೀಚಬೇಕೆನ್ನುವ ಈ ತುಡಿತ ಇಂದು ನಿನ್ನೆಯದಲ್ಲ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೆ ನಗರವನ್ನು ಅಗೆದು ತೆಗೆದಾಗ, ಅಲ್ಲಿನ ಗೋಡೆಗಳ ಮೇಲೆ ಇಂಥ ಸಾವಿರಾರು ಗೀಚುಬರಹಗಳು ಸಿಕ್ಕವು. ಪ್ರೇಮ, ಜಗಳ, ಚುನಾವಣಾ ಪ್ರಚಾರ, ಹಾಸ್ಯ ಎಲ್ಲವೂ ಅಲ್ಲಿದ್ದವು. ಇಂಥ ಬರಹಕ್ಕೆ ಇಂದು ಜಗತ್ತೇ ಬಳಸುವ 'ಗ್ರಾಫಿಟಿ' ಎಂಬ ಪದವೂ ಇಟಲಿಯದೇ. ಅದರ ಮೂಲದಲ್ಲಿರುವುದು 'ಗೀರುವುದು' ಎಂಬ ಅರ್ಥ.

ಈ ಬೀದಿ ಗೀಚಾಟಕ್ಕೂ ಕಲಾಶಾಲೆಯಲ್ಲಿ ತೂಗುವ ಚಿತ್ರಕ್ಕೂ ಏನು ಸಂಬಂಧ? ಆಕಾರವೇ ಇಲ್ಲದ, ಬಣ್ಣ ಮೆತ್ತಿದ, ಗೀರು ಎಳೆದ ಅಮೂರ್ತ ಚಿತ್ರದ ಮುಂದೆ ನಿಂತು, 'ಇದನ್ನು ನಮ್ಮ ಮಗನೂ ಬಿಡಿಸುತ್ತಾನೆ' ಎಂದು ನಕ್ಕು ಮುಂದೆ ಹೋಗುವವರು ಬಹಳ. ಅಂಥವರು ಒಮ್ಮೆಯಾದರೂ ಸ್ಪೇನ್ ದೇಶದ ಚಿತ್ರಕಾರ ಆಂತೋನಿ ತಾಪಿಯೆಸ್‌ನ ಕಥೆ ಕೇಳಬೇಕು.

ಹೆಸರಿನಲ್ಲೇ ಗೋಡೆ

ತಾಪಿಯೆಸ್ ಹುಟ್ಟಿದ್ದು 1923ರ ಡಿಸೆಂಬರ್ 13ರಂದು, ಬಾರ್ಸಿಲೋನಾ ನಗರದಲ್ಲಿ. ಸ್ಪೇನಿನ ಈಶಾನ್ಯ ಮೂಲೆಯ ಕಟಲೋನಿಯಾ ಪ್ರಾಂತ್ಯದ ರಾಜಧಾನಿ ಅದು. ಸ್ಪ್ಯಾನಿಷ್ ಜೊತೆಗೆ ಅಲ್ಲಿನ ಜನರಿಗೆ ತಮ್ಮದೇ ಆದ ಮಾತೂ ಉಂಟು, ಅದು ಕಟಲನ್. ಆ ಭಾಷೆಯಲ್ಲಿ 'ತಾಪಿಯಾ' ಎಂದರೆ ಮಣ್ಣು ಬಡಿದು ಎತ್ತಿದ ಗೋಡೆ. 'ತಾಪಿಯೆಸ್' ಎಂದರೆ ಅಂಥ ಗೋಡೆಗಳು! ಕುಟುಂಬದ ಹೆಸರಿನಲ್ಲೇ ಗೋಡೆಯಿದ್ದ ಈ ಹುಡುಗ ಮುಂದೆ ಗೋಡೆಗಳಂಥ ಚಿತ್ರಗಳಿಂದಲೇ ಹೆಸರಾದದ್ದು ಸೋಜಿಗ. ಈ ಕಾಕತಾಳೀಯದ ಬಗ್ಗೆ ಅವನೇ 1969ರ ತನ್ನ ಒಂದು ಪ್ರಬಂಧದಲ್ಲಿ ಬರೆದುಕೊಂಡಿದ್ದಾನೆ.

ಆದರೆ ಅವನನ್ನು ಗೋಡೆಗಳ ಕಡೆಗೆ ತಿರುಗಿಸಿದ್ದು ಹೆಸರಲ್ಲ, ಯುದ್ಧ. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಸಿಡಿದಾಗ ಅವನಿಗೆ ಹನ್ನೆರಡು ವರ್ಷ. ಬಾರ್ಸಿಲೋನಾದ ಮೇಲೆ ಬಾಂಬುಗಳು ಬಿದ್ದವು. ಹಳೆಯ ಊರಿನ ಒಂದು ಪುಟ್ಟ ಚೌಕದಲ್ಲಿ ಸಂತ ಫಿಲಿಪ್ ನೆರಿಯ ಚರ್ಚ್ ಇದೆ. 1938ರ ಜನವರಿ 30ರಂದು ಅಲ್ಲಿ ಬಿದ್ದ ಬಾಂಬಿಗೆ 42 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಚರ್ಚಿನ ಕಲ್ಲುಗೋಡೆಯಲ್ಲಿ ಅಂದು ಬಿದ್ದ ಗುಳಿಗಳನ್ನು ಯಾರೂ ಮುಚ್ಚಲಿಲ್ಲ. ಇಂದಿಗೂ ಅವು ಹಾಗೆಯೇ ಇವೆ. ಪಕ್ಕದಲ್ಲೇ ಶಾಲೆ, ಬಿಡುವಿನಲ್ಲಿ ಮಕ್ಕಳು ಅದೇ ಗೋಡೆಯ ಮುಂದೆ ಆಡುತ್ತಾರೆ.

1939ರ ಜನವರಿಯಲ್ಲಿ ಬಾರ್ಸಿಲೋನಾ ಜನರಲ್ ಫ್ರಾಂಕೊನ ಸೈನ್ಯದ ವಶವಾಯಿತು. ಮುಂದೆ ಸುಮಾರು ಮೂವತ್ತಾರು ವರ್ಷ ಸರ್ವಾಧಿಕಾರ. ಶಾಲೆ, ಕಚೇರಿ, ಪತ್ರಿಕೆಗಳಿಂದ ಕಟಲನ್ ಭಾಷೆಯನ್ನು ಹೊರದಬ್ಬಲಾಯಿತು. ಮನೆಯೊಳಗೆ ತಾಯಿ ಆಡುವ ಮಾತನ್ನು ಶಾಲೆಯ ಬೋರ್ಡಿನ ಮೇಲೆ ಬರೆಯುವಂತಿಲ್ಲ ಎಂದರೆ ಮಕ್ಕಳ ಮನಸ್ಸಿನ ಗತಿ ಏನಾಗಬೇಡ? ಪತ್ರಿಕೆ ಇಲ್ಲ, ವೇದಿಕೆ ಇಲ್ಲ, ಪುಸ್ತಕ ಇಲ್ಲ. ಉಳಿದದ್ದು ಒಂದೇ, ಬೀದಿಯ ಗೋಡೆ. ರಾತ್ರಿ ಯಾರೋ ಬರೆಯುವುದು, ಬೆಳಗ್ಗೆ ಇನ್ಯಾರೋ ಅಳಿಸುವುದು. ಅಳಿಸಿದ್ದರ ಮೇಲೆ ಮತ್ತೆ ಬರಹ. ಹೀಗೆ ಪದರದ ಮೇಲೆ ಪದರ ಕಟ್ಟಿ ನಗರದ ಗೋಡೆಗಳು ದಪ್ಪಗಾದವು.

ಹಾಸಿಗೆ ಹಿಡಿದ ಹುಡುಗ

ತಾಪಿಯೆಸ್‌ನ ತಂದೆ ವಕೀಲರು. ತಾಯಿಯ ಕಡೆಯವರು ಪುಸ್ತಕ ಪ್ರಕಾಶನದವರು. ಮಗನೂ ಕಾನೂನು ಓದಿ ತಂದೆಯ ಹಾದಿ ಹಿಡಿಯುವುದು ಸಹಜವಾಗಿತ್ತು. ಆದರೆ ಹದಿನೆಂಟರ ಆಸುಪಾಸಿನಲ್ಲಿ ಹುಡುಗನಿಗೆ ಕ್ಷಯ ತಗುಲಿತು. ಹೃದಯಕ್ಕೂ ಪೆಟ್ಟು ಬಿದ್ದು ಬದುಕಿ ಉಳಿದದ್ದೇ ಹೆಚ್ಚು. ಬೆಟ್ಟದ ತಪ್ಪಲಿನ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ಎದುರಿಗಿದ್ದದ್ದು ನಾಲ್ಕು ಗೋಡೆ, ಕೈಯಲ್ಲಿ ಪುಸ್ತಕ ಮತ್ತು ಪೆನ್ಸಿಲ್. ವ್ಯಾನ್‌ಗೋ, ಪಿಕಾಸೋ ಚಿತ್ರಗಳನ್ನು ನಕಲು ಮಾಡುತ್ತ ಕೈ ಪಳಗಿಸಿದ.

ಚೇತರಿಸಿಕೊಂಡ ಮೇಲೆ ಕಾನೂನು ಕಾಲೇಜಿಗೆ ಸೇರಿದನಾದರೂ ಮನಸ್ಸು ಅಲ್ಲಿರಲಿಲ್ಲ. ಪದವಿ ಮುಗಿಸದೆಯೇ ಬಿಟ್ಟು ಪೂರ್ತಿ ಚಿತ್ರಕಲೆಗೆ ಇಳಿದ. 1948ರಲ್ಲಿ ಕವಿ ಜುಆನ್ ಬ್ರೊಸ್ಸಾ ಮೊದಲಾದ ಗೆಳೆಯರೊಡನೆ ಸೇರಿ ಒಂದು ಪತ್ರಿಕೆ ಆರಂಭಿಸಿದ. ಅದರ ಹೆಸರಿನ ಅರ್ಥ 'ದಾಳದ ಏಳನೆಯ ಮುಖ'. ದಾಳಕ್ಕೆ ಇರುವುದು ಆರೇ ಮುಖ. ಇಲ್ಲದ ಏಳನೆಯದನ್ನು ಹುಡುಕುವುದು ಅವರ ಹಟ! 1950ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಅದೇ ವರ್ಷ ಫ್ರಾನ್ಸ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್.

ಅದೇ ಪ್ಯಾರಿಸಿನಲ್ಲಿ ಬ್ರಾಸಾಯಿ ಎಂಬ ಛಾಯಾಗ್ರಾಹಕ 1930ರ ದಶಕದ ಆರಂಭದಿಂದಲೇ ಬೀದಿ ಗೋಡೆಗಳ ಗೀಚುಬರಹಗಳನ್ನು ಸೆರೆಹಿಡಿಯುತ್ತಿದ್ದ. ಎರಡು ತೂತು ಕೊರೆದರೆ ಕಣ್ಣು, ಒಂದು ಗೀರು ಎಳೆದರೆ ಬಾಯಿ, ಆಯಿತೊಂದು ಮುಖ! 1956ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ ಚಿತ್ರಗಳ ಪ್ರದರ್ಶನವನ್ನೇ ಏರ್ಪಡಿಸಿತು. ಗೋಡೆಯ ಗೀಚಾಟವನ್ನು ಗಂಭೀರವಾಗಿ ನೋಡುವ ಕಣ್ಣು ಜಗತ್ತಿನಲ್ಲಿ ಮೆಲ್ಲಗೆ ತೆರೆಯುತ್ತಿದ್ದ ಕಾಲ ಅದು.

ಕ್ಯಾನ್ವಾಸೇ ಗೋಡೆಯಾಯಿತು

ಎಲ್ಲರೂ ಗೋಡೆಯ ಮೇಲೆ ಚಿತ್ರ ಬರೆದರೆ ತಾಪಿಯೆಸ್ ಚಿತ್ರವನ್ನೇ ಗೋಡೆ ಮಾಡಿದ. 1950ರ ದಶಕದ ಮಧ್ಯಭಾಗದಲ್ಲಿ ಎಣ್ಣೆಬಣ್ಣವನ್ನಷ್ಟೇ ನಂಬುವುದನ್ನು ಬಿಟ್ಟು, ಅಮೃತಶಿಲೆಯ ಪುಡಿ, ಮರಳು, ಬಣ್ಣದ ಪುಡಿ, ಅಂಟು ಎಲ್ಲವನ್ನೂ ಕಲಸಿ ಗಾರೆಯಂಥ ಪಾಕ ಮಾಡಿಕೊಂಡ. ಅದನ್ನು ಕ್ಯಾನ್ವಾಸಿನ ಮೇಲೆ ದಪ್ಪಗೆ ಮೆತ್ತಿ, ಹಸಿಯಿರುವಾಗಲೇ ಕೊರೆದ, ಕೆರೆದ, ಬೆರಳಲ್ಲಿ ಗೀರಿದ, ಅಂಗೈ ಒತ್ತಿದ. ಹಗ್ಗ, ಹುಲ್ಲು, ರಟ್ಟು, ಹರಕು ಬಟ್ಟೆ ಇಂಥವೂ ಚಿತ್ರದೊಳಗೆ ಬಂದು ಕುಳಿತವು. ಹೀಗೆ ಹಲವು ವಸ್ತುಗಳನ್ನು ಸೇರಿಸಿ ಮಾಡುವ ಕೃತಿಗೇ 'ಮಿಶ್ರಮಾಧ್ಯಮ' ಎನ್ನುವುದು.

ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ ಅವನ 1958ರ 'ಮಹಾಚಿತ್ರ' ಎಂಬ ಕೃತಿಯಿದೆ. ಸುಮಾರು 2 ಮೀಟರ್ ಎತ್ತರ, 2.6 ಮೀಟರ್ ಅಗಲ. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಮಣ್ಣಿನ ಬಣ್ಣದ ಒರಟು ಮೈ, ಅದರ ತುಂಬ ಕಲೆ, ಗೀರು, ತೂತು. ಎದುರು ನಿಂತರೆ ಮಳೆ, ಬಿಸಿಲು, ಗುಂಡು ಎಲ್ಲವನ್ನೂ ತಿಂದ ಯಾವುದೋ ಹಳೆಯ ಗೋಡೆಯ ಮುಂದೆ ನಿಂತಂತೆ ಅನ್ನಿಸುತ್ತದೆ. ಬಾಂಬಿನ ಚಿತ್ರ ಬರೆದು 'ನೋಡಿ, ಯುದ್ಧ' ಎಂದು ಅವನು ಹೇಳಲಿಲ್ಲ. ಯುದ್ಧ ಗೋಡೆಗೆ ಏನು ಮಾಡಿತೋ ಅದನ್ನೇ ಕ್ಯಾನ್ವಾಸಿಗೆ ಮಾಡಿ ತೋರಿಸಿದ. ಅಮೂರ್ತ ಎಂದರೆ ಅರ್ಥವಿಲ್ಲದ್ದು ಎಂದಲ್ಲ. ಇಲ್ಲಿ ಅರ್ಥ ಇರುವುದು ಆಕಾರದಲ್ಲಲ್ಲ, ವಸ್ತುವಿನ ಮೈಮೇಲೆ. ಅದೇ ವರ್ಷ ವೆನಿಸ್ ಕಲಾಮೇಳದಲ್ಲಿ ಯುನೆಸ್ಕೋ ಬಹುಮಾನವೂ ಅವನಿಗೆ ಬಂತು.

ನಾಲ್ಕು ಕೆಂಪು ಪಟ್ಟಿ

ಹೊರದೇಶದಲ್ಲಿ ಕೀರ್ತಿ ಬಂದ ಮಾತ್ರಕ್ಕೆ ಅವನು ಊರಿನ ಕಷ್ಟ ಮರೆಯಲಿಲ್ಲ. 1966ರ ಮಾರ್ಚ್‌ನಲ್ಲಿ ಬಾರ್ಸಿಲೋನಾದ ವಿದ್ಯಾರ್ಥಿಗಳು ಸರ್ಕಾರದ ಹಿಡಿತವಿಲ್ಲದ ತಮ್ಮದೇ ಸಂಘ ಕಟ್ಟಲು ಕ್ಯಾಪುಚಿನ್ ಸನ್ಯಾಸಿಗಳ ಮಠವೊಂದರಲ್ಲಿ ಗುಟ್ಟಾಗಿ ಸಭೆ ಸೇರಿದರು. ಅವರ ಬೆಂಬಲಕ್ಕೆ ಬಂದು ಕುಳಿತ ಹಿರಿಯರಲ್ಲಿ ತಾಪಿಯೆಸ್ ಕೂಡ ಒಬ್ಬ. ಪೊಲೀಸರು ಮಠವನ್ನು ಸುತ್ತುವರಿದು, ಎರಡು ದಿನದ ಬಳಿಕ ಒಳನುಗ್ಗಿದರು. ತಾಪಿಯೆಸ್‌ಗೆ ಬಂಧನ ಮತ್ತು ದಂಡ. ಜಗತ್ಪ್ರಸಿದ್ಧ ಕಲಾವಿದ ಎಂಬ ರಿಯಾಯಿತಿ ಸಿಗಲಿಲ್ಲ.

1971ರಲ್ಲಿ ಅವನು ಮಾಡಿದ 'ಕಟಲನ್ ಚೈತನ್ಯ' ಎಂಬ ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಳದಿ ನೆಲದ ಮೇಲೆ ನಾಲ್ಕು ಕೆಂಪು ಪಟ್ಟಿ. ಅದು ಕಟಲೋನಿಯಾದ ಬಾವುಟ. ಗಾಯಗೊಂಡ ವೀರನೊಬ್ಬನ ನೆತ್ತರಲ್ಲಿ ನಾಲ್ಕು ಬೆರಳು ಅದ್ದಿ ಚಿನ್ನದ ಗುರಾಣಿಯ ಮೇಲೆ ಎಳೆದಾಗ ಆ ಪಟ್ಟಿಗಳು ಮೂಡಿದವು ಎಂಬುದು ಅಲ್ಲಿನ ಐತಿಹ್ಯ. ತಾಪಿಯೆಸ್‌ನ ಚಿತ್ರದಲ್ಲಿ ಪಟ್ಟಿಗಳು ನಿಜಕ್ಕೂ ಬೆರಳಿನಿಂದ ಎಳೆದಂತಿವೆ. ಮೈತುಂಬ ಕೈಯಚ್ಚು, ಗೀಚಿದ ಪದಗಳು. ಕತ್ತಲಲ್ಲಿ ಅವಸರದಿಂದ ಯಾರೋ ಗೋಡೆಗೆ ಬರೆದು ಓಡಿದಂಥ ಅಕ್ಷರ. ಬೀದಿಯಲ್ಲಾದರೆ ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತಿದ್ದ ಬರಹ ಚೌಕಟ್ಟಿನೊಳಗೆ ಉಳಿದುಕೊಂಡಿತು. ಫ್ರಾಂಕೊ ಸತ್ತದ್ದು 1975ರಲ್ಲಿ. ಚಿತ್ರ ಇಂದಿಗೂ ಇದೆ. ಕಟಲನ್ ಭಾಷೆ ಮರಳಿ ಶಾಲೆಗೆ ಬಂದಿದೆ.

1990ರಲ್ಲಿ ಬಾರ್ಸಿಲೋನಾದಲ್ಲಿ ತಾಪಿಯೆಸ್ ಪ್ರತಿಷ್ಠಾನದ ಸಂಗ್ರಹಾಲಯ ತೆರೆಯಿತು. ಹಿಂದೆ ಪುಸ್ತಕ ಪ್ರಕಾಶನ ಸಂಸ್ಥೆಯಾಗಿದ್ದ ಇಟ್ಟಿಗೆಯ ಕಟ್ಟಡ. ಅದರ ನೆತ್ತಿಯ ಮೇಲೆ ತಂತಿಯಲ್ಲಿ ಹೆಣೆದ ಮೋಡ, ಮೋಡದಲ್ಲೊಂದು ಕುರ್ಚಿ! 2012ರ ಫೆಬ್ರವರಿ 6ರಂದು, ತನ್ನ 88ನೆಯ ವಯಸ್ಸಿನಲ್ಲಿ, ತಾಪಿಯೆಸ್ ಅದೇ ಊರಿನಲ್ಲಿ ಕಣ್ಮುಚ್ಚಿದ.

ನ್ಯೂಯಾರ್ಕಿನ ಹುಡುಗ

ಗೋಡೆಯಿಂದ ಕ್ಯಾನ್ವಾಸಿಗೆ ಬಂದ ಇನ್ನೊಬ್ಬನ ಹೆಸರನ್ನೂ ವಿದ್ಯಾರ್ಥಿಗಳು ಕೇಳಿರಬಹುದು. 1960ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕಪ್ಪುವರ್ಣೀಯ ಹುಡುಗ ಜೀನ್-ಮಿಷೆಲ್ ಬಾಸ್ಕಿಯಾ. ಚಿಕ್ಕಂದಿನಲ್ಲೇ ತಾಯಿ ಅವನ ಕೈಹಿಡಿದು ಸಂಗ್ರಹಾಲಯಗಳಿಗೆ ಕರೆದೊಯ್ಯುತ್ತಿದ್ದಳು. ಏಳನೆಯ ವಯಸ್ಸಿನಲ್ಲಿ ಬೀದಿಯಲ್ಲಿ ಆಡುವಾಗ ಕಾರು ಬಡಿದು ಆಸ್ಪತ್ರೆ ಸೇರಿದಾಗ, ಆಕೆ ತಂದುಕೊಟ್ಟದ್ದು 'ಗ್ರೇಸ್ ಅನಾಟಮಿ' ಎಂಬ ಶರೀರಶಾಸ್ತ್ರದ ದಪ್ಪ ಪುಸ್ತಕ. ಮುಂದೆ ಅವನ ಚಿತ್ರಗಳಲ್ಲಿ ಮತ್ತೆಮತ್ತೆ ಕಾಣುವ ತಲೆಬುರುಡೆ, ಎಲುಬುಗಳ ಹಿಂದೆ ಆ ಪುಸ್ತಕವಿದೆ. ಹದಿಹರೆಯದಲ್ಲಿ ಗೆಳೆಯನೊಡನೆ ಮ್ಯಾನ್‌ಹಟನ್ ಗೋಡೆಗಳ ಮೇಲೆ 'ಸೇಮೋ' ಎಂಬ ಗುಪ್ತನಾಮದಿಂದ ಚುಟುಕು ವ್ಯಂಗ್ಯ ಬರೆಯುತ್ತಿದ್ದವನು ಇಪ್ಪತ್ತೆರಡಕ್ಕೆಲ್ಲ ಹೆಸರುವಾಸಿ ಚಿತ್ರಕಾರನಾಗಿದ್ದ. ಅವನ 1982ರ ಒಂದು ಚಿತ್ರ 2017ರಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಅದನ್ನು ನೋಡಲು ಅವನಿರಲಿಲ್ಲ. ಮಾದಕ ವಸ್ತುವಿನ ಚಟ 1988ರಲ್ಲೇ, ಇಪ್ಪತ್ತೇಳರ ಹರೆಯದಲ್ಲೇ, ಅವನನ್ನು ಕೊಂದಿತ್ತು.

'ನಮ್ಮ ಮಗನೂ ಬಿಡಿಸುತ್ತಾನೆ'

ಹಾಗಾದರೆ ಗೋಡೆಗೆ ಗೀಚಿದ್ದೆಲ್ಲ ಕಲೆಯೇ? ಖಂಡಿತ ಅಲ್ಲ. ಗುಡಿಯ ಕಂಬದ ಮೇಲೆ ಹೆಸರು ಕೊರೆಯುವುದು ಹಾಳುಗೆಡವುವುದೇ ಹೊರತು ಬೇರೇನಲ್ಲ. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ತಾಪಿಯೆಸ್ ಪರರ ಗೋಡೆಗೆ ಕೈ ಹಚ್ಚಿ ದೊಡ್ಡವನಾಗಲಿಲ್ಲ. ಗೋಡೆಯನ್ನು ಓದಲು ಕಲಿತು ದೊಡ್ಡವನಾದ.

ಮಗುವಿನ ಗೀಚಿಗೂ ಅವನ ಗೀಚಿಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಮಗುವಿಗೆ ಕೈಯ ಖುಷಿ ಸಾಕು. ಅವನಿಗೆ ಯಾವ ಗೀರು ಯಾಕೆ, ಎಷ್ಟು ಆಳ, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು. ಆದರೆ ಎರಡರ ಮೂಲವೂ ಒಂದೇ: 'ನಾನು ಇಲ್ಲಿದ್ದೆ' ಎಂದು ಹೇಳುವ ಆಸೆ. ಹಾಗಾಗಿ ಗೋಡೆಗೆ ಗೀಚಿದ ಮಗುವಿನಿಂದ ಕ್ರೇಯಾನ್ ಕಸಿದುಕೊಳ್ಳುವ ಬದಲು, ಅದರ ಎತ್ತರಕ್ಕೆ ಒಂದು ರಟ್ಟನ್ನೋ ಕಪ್ಪುಹಲಗೆಯನ್ನೋ ಗೋಡೆಗೆ ಬಡಿದುಕೊಟ್ಟರೆ ಮನೆಯೂ ಉಳಿದೀತು, ಮಗುವಿನ ಕೈಯೂ ಉಳಿದೀತು.

ನೀವೂ ಮಾಡಿ ನೋಡಿ

ರಜೆಯಲ್ಲಿ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪುಟ್ಟ 'ಗೋಡೆ' ಮಾಡಬಹುದು. ಒಂದೂವರೆ ಅಡಿಯ ಹಾರ್ಡ್‌ಬೋರ್ಡ್ ತುಂಡು ಸಾಕು. ಜರಡಿ ಹಿಡಿದ ಮರಳಿಗೆ ಅಷ್ಟೇ ಕಲ್ಲುಪುಡಿಯ ರಂಗೋಲಿ ಬೆರೆಸಿ, ಫೆವಿಕಾಲ್ ಮತ್ತು ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಳೆಯ ಸ್ಕೇಲಿನಿಂದ ಹಲಗೆಯ ಮೇಲೆ ಹರಡಿ, ಹಸಿಯಿರುವಾಗಲೇ ಮೊಳೆಯಿಂದ, ಬಾಚಣಿಗೆಯಿಂದ, ಬೆರಳಿಂದ ಗೀರಿ. ಗೋಣಿತಟ್ಟಿನ ತುಂಡು, ಹಳೆಯ ಬಸ್ ಟಿಕೆಟ್, ಹರಿದ ಪೋಸ್ಟರಿನ ಚೂರು ಒತ್ತಿ ಅಂಟಿಸಿ. ಎರಡು ದಿನ ನೆರಳಲ್ಲಿ ಒಣಗಿಸಿ. ಆಮೇಲೆ ನೀರು ಬೆರೆಸಿದ ತೆಳುಬಣ್ಣ ಬಳಿದು ಒದ್ದೆ ಬಟ್ಟೆಯಿಂದ ಒರೆಸಿ. ಗೀರಿನ ಆಳದಲ್ಲಿ ಬಣ್ಣ ನಿಲ್ಲುತ್ತದೆ, ಉಬ್ಬಿನ ಮೇಲಿಂದ ಹೋಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ. ಒಂದು ಸಂಜೆ ನಿಮ್ಮ ಬೀದಿಯ ಗೋಡೆಗಳ ಮುಂದೆ ಸುಮ್ಮನೆ ನಡೆದು ಬನ್ನಿ. ಸಿನಿಮಾ ಪೋಸ್ಟರಿನ ಕೆಳಗೆ ಹಳೆಯ ಪೋಸ್ಟರು, ಅದರ ಕೆಳಗೆ ಮಾಸಿದ ಚುನಾವಣೆಯ ಚಿಹ್ನೆ, ಅದಕ್ಕೂ ಕೆಳಗೆ ಉದುರಿದ ಗಾರೆ, ಯಾವುದೋ ಮಗು ಸೀಮೆಸುಣ್ಣದಲ್ಲಿ ಬರೆದ ವಿಕೆಟ್ಟಿನ ಮೂರು ಗೆರೆ. ಗೋಡೆಗೂ ಕಿವಿಯುಂಟು ಎನ್ನುತ್ತಿದ್ದರು ನಮ್ಮ ಹಿರಿಯರು. ನಿಂತು ನೋಡುವ ವ್ಯವಧಾನ ಇದ್ದರೆ, ಅದು ಮಾತನಾಡುವುದೂ ಕೇಳಿಸುತ್ತದೆ.