ನೋಟೆಣಿಸುವ ಬೆರಳು, ಸೈಕಲ್ ತುಳಿಯುವ ತೊಡೆ

ದೂರದ ಸೈಕಲ್ ಸವಾರಿಯಲ್ಲಿ ಚರ್ಮ ಸುಲಿಯುವುದು ಹೆಚ್ಚಾಗಿ ಮೂರು ಕಡೆ: ತೊಡೆಯ ಒಳಮೈ, ತೊಡೆಸಂದು, ಸೀಟಿನ ಮೇಲೆ ಕೂರುವ ಮೂಳೆಗಳ ಕೆಳಗಿನ ಜಾಗ. ಮೊದಲು ಅಲ್ಲಿ ಬಿಸಿಯಾದಂತೆ ಅನಿಸುತ್ತದೆ, ಆಮೇಲೆ ಉರಿ, ಕೊನೆಗೆ ಬಟ್ಟೆ ತಗುಲಿದರೂ ಚುರುಗುಡುವ ನೋವು. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿಯುವವರ ಒಂದೊಂದು ತೊಡೆಯೂ ಗಂಟೆಗೆ 4,800 ಸಲ ಸೀಟಿನ ಅಂಚನ್ನು ಸವರಿಕೊಂಡು ಇಳಿಯುತ್ತದೆ; ಹತ್ತು ಗಂಟೆ ತುಳಿದರೆ 48,000 ಸಲ. ಒಂದು ಸಲದ ಉಜ್ಜುವಿಕೆ ಲೆಕ್ಕಕ್ಕೇ ಬರುವಂಥದ್ದಲ್ಲ. ಆದರೆ ಅದು ಶೇಕಡಾ ಹತ್ತರಷ್ಟೋ ಇಪ್ಪತ್ತರಷ್ಟೋ ಹೆಚ್ಚಾದರೂ ಸಂಜೆಯ ಹೊತ್ತಿಗೆ ಅದರ ಫಲ ಕಾಣುತ್ತದೆ. ಈ ಹೆಚ್ಚಳಕ್ಕೆ ಗಡಸು ಸೀಟು ಕಾರಣ ಎಂದು ಬಹುಪಾಲು ಜನ ನಂಬುತ್ತಾರೆ. ದೊಡ್ಡ ಕಾರಣ ನೀರು.

ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ ಇದು ಬೇಗ ಅನುಭವಕ್ಕೆ ಬರುತ್ತದೆ. ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿ, ಇನ್ನೊಂದಕ್ಕೆ ಕೊಸಸ್ತಲೆಯಾರು ಕಡಲು ಸೇರುವ ಅಳಿವೆ ಮತ್ತು ಹಿನ್ನೀರು. ತಿರುವೊಟ್ಟಿಯೂರಿನಿಂದ ಕಡಲಂಚಿನಲ್ಲೇ ಬಂದು, ಮೀಂಜೂರು ದಾಟಿ ಪಳವೇರ್ಕಾಡಿನ ಸರೋವರದ ಕಡೆಗೆ ಹೊರಟವರಿಗೆ ಸೂರ್ಯ ಮೇಲೇರುವ ಮೊದಲೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಬೆವರು ಮೈಯನ್ನು ತಂಪು ಮಾಡುವುದು ಆವಿಯಾದಾಗ ಮಾತ್ರ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರಿಗೆ ಹೋಗಲು ಜಾಗವಿಲ್ಲ. ದೇಹ ಇನ್ನಷ್ಟು ಬೆವರುತ್ತದೆ, ಅದೂ ಬಟ್ಟೆಯಲ್ಲೇ ಉಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೂರು ಕಿಲೋಮೀಟರ್ ತುಳಿದರೂ ಏನೂ ಆಗದವರು ಅದೇ ಚಡ್ಡಿ, ಅದೇ ಸೀಟು, ಅದೇ ವೇಗದಲ್ಲಿ ಚೆನ್ನೈನ ಕರಾವಳಿಯಲ್ಲಿ ಅರ್ಧ ದಾರಿಗೇ ಕಾಲು ಅಗಲಿಸಿ ನಡೆಯುವ ಸ್ಥಿತಿಗೆ ಬರುವುದು ಇದರಿಂದಲೇ.

ನೀರು ಜಾರಿಸುವ ವಸ್ತುವಲ್ಲವೇ, ಅದು ಉಜ್ಜುವಿಕೆಯನ್ನು ಹೆಚ್ಚಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬಸ್ ಕಂಡಕ್ಟರರ ಬೆರಳಿನಲ್ಲಿದೆ. ಟಿಕೆಟ್ ಹರಿಯುವ ಮುಂಚೆ ಅವರು ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದರು. ಬ್ಯಾಂಕಿನ ಕ್ಯಾಷಿಯರ್ ಮುಂದೆ ನೀರಲ್ಲಿ ನೆನೆದ ಸ್ಪಂಜಿನ ಬಟ್ಟಲು ಇರುತ್ತಿತ್ತು. ಒಣ ಬೆರಳಿನಡಿ ನೋಟು ಜಾರುತ್ತದೆ. ತುಸು ತೇವವಾದ ಬೆರಳಿಗೆ ಅದು ಅಂಟಿಕೊಂಡು ಬರುತ್ತದೆ. ಅದೇ ಬೆರಳನ್ನು ನೀರಲ್ಲಿ ಅದ್ದಿ ತೆಗೆದು ಗಾಜಿನ ಮೇಲೆ ಎಳೆದರೆ ಮತ್ತೆ ಜಾರುತ್ತದೆ. ಅಂದರೆ ಚರ್ಮದ ಹಿಡಿತ ಅತಿ ಒಣಗಿದಾಗಲೂ ಕಡಿಮೆ, ನೀರು ತೊಟ್ಟಿಕ್ಕುವಾಗಲೂ ಕಡಿಮೆ, ನಡುವಿನ ತೇವದಲ್ಲಿ ಅತಿ ಹೆಚ್ಚು. ದೂರ ತುಳಿಯುವವರ ತೊಡೆ ಗಂಟೆಗಟ್ಟಲೆ ಇರುವುದು ಈ ನಡುವಿನ ತೇವದಲ್ಲೇ.

ಈ ಗುಣವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಮೊದಲಿಗರು ಬ್ರಿಟನ್ನಿನ ನೇಯ್ಲರ್. 1955ರಲ್ಲಿ ಅವರು ಪ್ರಕಟಿಸಿದ ಎರಡು ಪ್ರಬಂಧಗಳು ಇಂದಿಗೂ ಈ ವಿಷಯದ ಅಡಿಪಾಯ. ಘರ್ಷಣೆ ಎಂದರೆ ಶಾಲೆಯಲ್ಲಿ ಕಲಿಸುವುದು ಫ್ರಾನ್ಸಿನ ಅಮೊಂಟೋನ್ 1699ರಲ್ಲಿ ಹೇಳಿದ ನಿಯಮ: ಘರ್ಷಣೆ ಭಾರಕ್ಕೆ ತಕ್ಕಂತೆ, ತಾಗುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಮರ, ಕಬ್ಬಿಣಕ್ಕೆ ಇದು ಸರಿ. ಮೆತ್ತಗಿನ ಚರ್ಮ ಈ ನಿಯಮಕ್ಕೆ ಒಗ್ಗುವುದಿಲ್ಲ. ನೀರು ಕುಡಿದ ಚರ್ಮ ಇನ್ನೂ ಮೆತ್ತಗಾಗಿ ಬಟ್ಟೆಯ ನೂಲುಗಳ ಏರುತಗ್ಗಿಗೆ ಒತ್ತಿಕೊಂಡು ಕೂರುತ್ತದೆ, ನಿಜವಾಗಿ ತಾಗುವ ಜಾಗ ಹಿಗ್ಗುತ್ತದೆ, ಹಿಡಿತ ಬಿಗಿಯಾಗುತ್ತದೆ. 2008ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು 22 ಜನರ ಮುಂಗೈ ಚರ್ಮವನ್ನು ಆಸ್ಪತ್ರೆಯ ಬಟ್ಟೆಯ ಮೇಲೆ ಉಜ್ಜಿಸಿ ಅಳೆದರು. ಪೂರ್ತಿ ಒದ್ದೆಯಾದ ಬಟ್ಟೆಯ ಮೇಲೆ ಘರ್ಷಣೆ ಸಹಜ ಸ್ಥಿತಿಯ ಎರಡು ಪಟ್ಟಿಗೂ ಮೀರಿತ್ತು. ಗಾಜಿನ ಮೇಲಾದರೆ ನೀರು ಪದರವಾಗಿ ನಿಂತು ಜಾರಿಸುತ್ತದೆ. ಬಟ್ಟೆ ಆ ಪದರವನ್ನು ನಿಲ್ಲಗೊಡದೆ ಹೀರುತ್ತದೆ. ಹಾಗಾಗಿ ತೊಡೆಗೆ ತೇವದ ಅಂಟು ಮಾತ್ರ ದಕ್ಕುತ್ತದೆ, ನೀರಿನ ಜಾರು ದಕ್ಕುವುದಿಲ್ಲ.

ಏಟು ಬೀಳುವುದು ಚರ್ಮದ ಅತಿ ಹೊರಗಿನ, ಸತ್ತ ಕೋಶಗಳ ಪದರಕ್ಕೆ. ಒಂದರ ಮೇಲೊಂದು ಸುಮಾರು 15–20 ಹಾಸುಗಳಿದ್ದರೂ ಎಲ್ಲ ಸೇರಿ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ನೆನೆದರೆ ಈ ಗೋಡೆ ಊದಿಕೊಂಡು ಸಡಿಲವಾಗುತ್ತದೆ. ಅಂಗೈ, ಅಂಗಾಲಿನಲ್ಲಿ ಈ ಪದರ ದಪ್ಪ. ಅಲ್ಲಿ ಉಜ್ಜಿದರೆ ಒಳಗಿನ ಪದರ ಸೀಳಿ ನೀರ್ಗುಳ್ಳೆ ಏಳುತ್ತದೆ. ತೊಡೆಯ ತೆಳು ಚರ್ಮ ಗುಳ್ಳೆಯಾಗುವಷ್ಟು ತಾಳುವುದಿಲ್ಲ, ನೇರವಾಗಿ ತರಚಿಹೋಗುತ್ತದೆ.

ಬೆವರು ಒಣಗಿದ ಮೇಲೂ ಕಾಟ ಮುಗಿಯುವುದಿಲ್ಲ. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಗ್ರಾಂ ಉಪ್ಪು ಇರುತ್ತದೆ, ಸೆಕೆಯಲ್ಲಿ ಗಂಟೆಗೆ ಒಂದು ಲೀಟರ್ ಬೆವರುವುದು ಅಪರೂಪವಲ್ಲ. ಟೀ ಅಂಗಡಿಯ ಮುಂದೆ ಅರ್ಧ ಗಂಟೆ ಕೂತು ಎದ್ದರೆ ಕಪ್ಪು ಚಡ್ಡಿಯ ಮೇಲೆ ಬಿಳಿ ಗೆರೆ ಮೂಡಿರುತ್ತದೆ; ಅದು ಉಪ್ಪಿನ ಹರಳು. ಎಣ್ಣೂರಿನ ರಸ್ತೆಯಲ್ಲಿ ಬಂದರಿನ ಕಂಟೇನರ್ ಲಾರಿಗಳು ಎಬ್ಬಿಸುವ ದೂಳೂ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯೂ ಅದರ ಜೊತೆ ಸೇರುತ್ತವೆ. ಸವಾರಿಯ ನಡುವೆ ನಿಂತಾಗ ಒದ್ದೆ ಬಟ್ಟೆಯಿಂದ ತೊಡೆ ಒರೆಸಿಕೊಂಡು ಹೊರಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಈ ನೋವು ದೊಡ್ಡ ದೊಡ್ಡ ಸ್ಪರ್ಧಿಗಳನ್ನೂ ಕೆಡವಿದೆ. ಫ್ರಾನ್ಸಿನ ಲೂಯಿಸೋನ್ ಬೋಬೆ 1955ರ ಟೂರ್ ಡಿ ಫ್ರಾನ್ಸನ್ನು ಸೀಟಿನ ಹುಣ್ಣುಗಳ ಮೇಲೆ ಕೂತೇ ಗೆದ್ದು, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಐರ್ಲೆಂಡಿನ ಶಾನ್ ಕೆಲ್ಲಿ 1987ರ ಸ್ಪೇನ್ ಪ್ರವಾಸ ಸ್ಪರ್ಧೆಯಲ್ಲಿ ಮುಂದಿದ್ದರೂ ಮುಗಿಯಲು ಕೆಲವೇ ದಿನ ಇದ್ದಾಗ ಇದೇ ಹುಣ್ಣಿನಿಂದ ಹಿಂದೆ ಸರಿದರು. ಆ ಕಾಲದ ಚಡ್ಡಿಗಳಿಗೆ ಬಹುಕಾಲ ಒಳಗಡೆ ಹೊಲಿಯುತ್ತಿದ್ದದ್ದು ಶಾಮಿ ಎಂಬ ಮೃದು ತೊಗಲು. ಯೂರೋಪಿನ ಬೆಟ್ಟಗಳ ಮೇಕೆಯಂಥ ಒಂದು ಪ್ರಾಣಿಯ ಹೆಸರು ಅದು. ಮುಂದೆ ಕುರಿಯ ತೊಗಲನ್ನೇ ಮೀನಿನ ಎಣ್ಣೆಯಲ್ಲಿ ಹದ ಮಾಡಿ ಬಳಸಿದರು. ತೊಗಲು ನೀರು ಚೆನ್ನಾಗಿ ಹೀರುತ್ತಿತ್ತು, ಆದರೆ ಒಗೆದು ಒಣಗಿಸಿದರೆ ಹಪ್ಪಳದಂತೆ ಸೆಟೆಯುತ್ತಿತ್ತು. ಅದನ್ನು ಮೆತ್ತಗೆ ಮಾಡಲು ಸವರುತ್ತಿದ್ದ ಮುಲಾಮೇ ಇಂದು ಅಂಗಡಿಗಳಲ್ಲಿ ಸಿಗುವ ಶಾಮಿ ಕ್ರೀಮಿನ ಪೂರ್ವಜ. ತೊಗಲು ಹೋಗಿ ಸಿಂಥೆಟಿಕ್ ಪ್ಯಾಡ್ ಬಂದಿದೆ, ಕ್ರೀಮ್ ಉಳಿದಿದೆ. ತೊಗಲಿಗಾಗಿ ಹುಟ್ಟಿದ್ದು ಈಗ ಚರ್ಮಕ್ಕೆ ಬಳಕೆಯಾಗುತ್ತಿದೆ.

ಬಟ್ಟೆಯ ವಿಷಯದಲ್ಲಿ ನಮ್ಮ ಕಡೆಯ ನಂಬಿಕೆ ಹತ್ತಿಯ ಪರ. ಸೆಕೆಗೆ ಹತ್ತಿ ಹಿತ ಎಂಬುದು ಜಗಲಿಯಲ್ಲಿ ಕೂತವರ ಮಟ್ಟಿಗೆ ನಿಜ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇ. 8.5ರಷ್ಟು ನೀರನ್ನು ಒಳಗೇ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು. ನೆನೆದ ಹತ್ತಿ ಬೇಗ ಒಣಗುವುದಿಲ್ಲ, ಮುದುರಿ ಮಡಿಕೆಯಾಗುತ್ತದೆ, ಮಡಿಕೆಯ ಅಂಚೇ ಚರ್ಮವನ್ನು ಕೊರೆಯುತ್ತದೆ. 1958ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ಕಂಡುಹಿಡಿದ ಲೈಕ್ರಾ ನೂಲು ಇದಕ್ಕೆ ಮದ್ದು. ಮೈಗೆ ಬಿಗಿದ ಬಟ್ಟೆ ಚರ್ಮದೊಂದಿಗೇ ಚಲಿಸುತ್ತದೆ. ಉಜ್ಜುವಿಕೆ ಬಟ್ಟೆಗೂ ಸೀಟಿಗೂ ನಡುವೆ ನಡೆಯುತ್ತದೆ, ಚರ್ಮ ಪಾರಾಗುತ್ತದೆ. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕುವುದು ಈ ಲಾಭವನ್ನೆಲ್ಲ ಕಳೆಯುತ್ತದೆ. ಅದರ ಹೊಲಿಗೆ ಬರುವುದು ಸರಿಯಾಗಿ ತೊಡೆಸಂದಿನಲ್ಲೇ.

ಜಾರಿಸುವ ಲೇಪಗಳಲ್ಲಿ ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ. ಚೆನ್ನೈನಲ್ಲಿ ಅದು ಗಟ್ಟಿಯಾಗಿರುವ ದಿನಗಳೇ ಕಡಿಮೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಹರಿದು ಬಟ್ಟೆ ಸೇರುತ್ತದೆ. ಪೆಟ್ರೋಲಿಯಂ ಜೆಲ್ಲಿ ಮೈಬಿಸಿಗೆ ಮೆತ್ತಗಾದರೂ ನಿಂತಲ್ಲೇ ನಿಲ್ಲುತ್ತದೆ, ಆದರೆ ಪ್ಯಾಡಿನಿಂದ ತೊಳೆದು ತೆಗೆಯುವುದು ಕಷ್ಟ. ಯಾವ ಲೇಪವಾದರೂ ಒಮ್ಮೆ ಹಚ್ಚಿ ದಿನವಿಡೀ ನಂಬುವಂತಿಲ್ಲ. ಜಿಡ್ಡು ಮೊದಲು ಘರ್ಷಣೆಯನ್ನು ಇಳಿಸುತ್ತದೆ. ಗಂಟೆಗಳು ಕಳೆದಂತೆ ಅದು ಒರೆಸಿಹೋಗಿ, ಅದರಡಿ ತೇವ ಕೂಡಿಟ್ಟುಕೊಂಡ ಚರ್ಮ ಮೊದಲಿಗಿಂತ ಹೆಚ್ಚು ಅಂಟುತ್ತದೆ. ಎರಡು ಮೂರು ಗಂಟೆಗೊಮ್ಮೆ ಒರೆಸಿ ಮತ್ತೆ ಹಚ್ಚುವುದೇ ಸರಿ. ಪೌಡರ್ ಒಣ ಊರಿಗೆ ಸರಿ, ಕರಾವಳಿಯಲ್ಲಿ ಅದು ಬೆವರಿಗೆ ಕಲಸಿ ಉಂಡೆಯಾಗುತ್ತದೆ. ಬೆವರನ್ನೇ ತಡೆಯುವ ಅಲ್ಯೂಮಿನಿಯಂ ಲವಣದ ದ್ರಾವಣಗಳನ್ನು ಕೆಲವರು ಹೊಗಳುತ್ತಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಸೈನಿಕ ವಿದ್ಯಾರ್ಥಿಗಳ ಮೇಲಿನ ಪ್ರಯೋಗದಲ್ಲಿ ಅದನ್ನು ಹಚ್ಚಿಕೊಂಡು 21 ಕಿಲೋಮೀಟರ್ ನಡೆದವರಲ್ಲಿ ಕಾಲಿನ ಗುಳ್ಳೆ ಶೇ. 21 ಮಂದಿಗೆ ಮಾತ್ರ, ಉಳಿದವರಲ್ಲಿ ಶೇ. 48. ಆದರೆ ಹಚ್ಚಿಕೊಂಡವರಲ್ಲಿ ಶೇ. 57 ಮಂದಿಗೆ ಆ ದ್ರಾವಣದಿಂದಲೇ ಚರ್ಮ ಕೆರಳಿತ್ತು. ಗಟ್ಟಿ ಅಂಗಾಲಿನ ಗತಿಯೇ ಹೀಗಾದರೆ ತೊಡೆಸಂದಿಗೆ ಅದನ್ನು ಹಚ್ಚುವ ಮಾತೇ ಬೇಡ.

ಸೀಟಿನ ಪಾಲೂ ಇದೆ. ತೀರಾ ಎತ್ತರವಿದ್ದರೆ ಪ್ರತಿ ಸುತ್ತಿಗೂ ಸೊಂಟ ಎಡಬಲ ತೂಗುತ್ತದೆ, ಆ ತೂಗುವಿಕೆ ನೇರ ಉಜ್ಜುವಿಕೆಯಾಗುತ್ತದೆ. ಪೆಡಲ್ ಅತಿ ಕೆಳಗಿದ್ದಾಗ ಮಂಡಿ ಪೂರ್ತಿ ನೆಟ್ಟಗಾಗದೆ 25ರಿಂದ 35 ಡಿಗ್ರಿ ಬಾಗಿರಬೇಕು. ಅಂಗಡಿಯವರು ಕಟ್ಟಿಕೊಡುವ ದಪ್ಪ ಜೆಲ್ ಸೀಟು ಮೊದಲ ಅರ್ಧ ಗಂಟೆ ಸುಖ ಕೊಟ್ಟು, ಆಮೇಲೆ ಮೂಳೆ ಅದರೊಳಗೆ ಇಳಿದು ಸುತ್ತಲಿನ ಮೆತ್ತನೆ ಭಾಗ ತೊಡೆಸಂದನ್ನು ಒತ್ತುತ್ತದೆ. ದೂರದ ದಾರಿಗೆ ಅದು ಸಲ್ಲದು. ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತರೆ ಒತ್ತಡವೂ ಬಿಡುತ್ತದೆ, ಗಾಳಿಯೂ ಆಡುತ್ತದೆ.

ಸವಾರಿ ಮುಗಿದ ಮೇಲೆ ಒದ್ದೆ ಚಡ್ಡಿಯಲ್ಲೇ ತಿಂಡಿಗೆ ಕೂರುವುದು ದೊಡ್ಡ ತಪ್ಪು. ತರಚಿದ ಜಾಗದಿಂದಲೂ ಕೂದಲಿನ ಬುಡದಿಂದಲೂ ಬ್ಯಾಕ್ಟೀರಿಯಾ ಒಳನುಗ್ಗಿ ಕುರು ಏಳುವುದು ಆಗಲೇ. ಆ ಭಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸುವುದರಿಂದಲೂ ಇದೇ ಅಪಾಯ. ಕತ್ತರಿಸಿ ಗಿಡ್ಡ ಮಾಡಿದರೆ ಸಾಕು. ಬೇಗ ಸ್ನಾನ ಮಾಡಿ, ಸೌಮ್ಯ ಸೋಪಿನಿಂದ ತೊಳೆದು, ತಟ್ಟಿ ಒಣಗಿಸಿ, ಸಡಿಲ ಪಂಚೆಯನ್ನೋ ಲುಂಗಿಯನ್ನೋ ಉಟ್ಟರೆ ಸಣ್ಣ ತರಚು ಎರಡು ಮೂರು ದಿನದಲ್ಲಿ ಮಾಯುತ್ತದೆ. ಹತ್ತಿಗೆ ಸಲ್ಲುವ ಜಾಗ ಇದು.

ಮಾಯದೆ ಉಂಗುರದಂತೆ ಅಂಚು ಕಟ್ಟಿ ಹರಡಿ ತುರಿಸಿದರೆ ಅದು ಉಜ್ಜಿದ ಗಾಯವಲ್ಲ, ಹುಳುಕಡ್ಡಿ, ಅಂದರೆ ಶಿಲೀಂಧ್ರ. ಇವೆರಡನ್ನು ಗುರುತಿಸಲಾಗದೆ ಮೆಡಿಕಲ್ ಶಾಪಿನಲ್ಲಿ ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಕೇಳಿ ಹಚ್ಚುವವರು ನಮ್ಮಲ್ಲಿ ಬಹಳ. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡೇ ದಿನದಲ್ಲಿ ಅಡಗಿಸಿ, ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ. ಮಾಮೂಲಿ ಔಷಧಿಗೆ ಜಗ್ಗದ ಒಂದು ಜಾತಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟದ್ದು, ಭಾರತದ ಹೆಸರು ಅದರಲ್ಲಿ ಸೇರಿದ್ದು, ಈ ಉಪಖಂಡದ ರೋಗಿಗಳಲ್ಲಿ ಅದು ಅಷ್ಟು ಹರಡಿದ್ದರಿಂದ. ಒಂದು ವಾರಕ್ಕೂ ಒಣಗದ ಗಾಯ, ಕೀವು, ಜ್ವರ, ಕೂತರೆ ಗಂಟು ಒತ್ತಿದಂತಾಗುವುದು ಇವುಗಳಲ್ಲಿ ಯಾವುದೊಂದು ಇದ್ದರೂ ಸೈಕಲ್ಲನ್ನು ಒರಗಿಸಿಟ್ಟು ಚರ್ಮವೈದ್ಯರ ಬಳಿ ಹೋಗಬೇಕು.